ಸಣ್ಣ ಸಿ

ಸೃಷ್ಟಿ ಆ ದಿನ ಬೆಳಿಗ್ಗೆ ಕಂಪ್ಯೂಟರಿನ ಮುಂದೆ ಕೂತದ್ದು ಹಿಂದಿನ ದಿನ ತಾನು ಮಾಡಿದ ತಿದ್ದುಪಡಿ ಸರಿಯಾಗಿದೆಯೇ ಎಂದು ಒಮ್ಮೆ ಕಣ್ಣಾಡಿಸುವುದಕ್ಕಷ್ಟೇ. ಕೆಳಗಿನ ಅಂಗಡಿಯಲ್ಲಿ ಯಾರೋ ಕಬ್ಬಿಣದ ಸರಳು ಕತ್ತರಿಸುತ್ತಿದ್ದರು. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಹಾರ್ಡ್‌ವೇರ್ ಅಂಗಡಿಯೊಂದರ ಮೇಲಿನ ಎರಡು ಕೋಣೆಗಳೇ ಅವರ ಆಫೀಸು. ಬಸವಪ್ರಭು ಎಂಬವರು ಕಟ್ಟಿದ ಆ ಪುಟ್ಟ ಕಂಪನಿ ದವಾಖಾನೆಗಳಿಗೂ ಲ್ಯಾಬುಗಳಿಗೂ ಸಾಫ್ಟ್‌ವೇರ್ ಬರೆದುಕೊಡುತ್ತಿತ್ತು. ಸೃಷ್ಟಿ ಓದು ಮುಗಿಸಿದ ವರ್ಷವೇ ಅಲ್ಲಿ ಸೇರಿದವಳು. ಗೋಪನಕೊಪ್ಪದ ಮನೆಯಿಂದ ಸ್ಕೂಟಿಯಲ್ಲಿ ಹೊರಟರೆ ಚಹಾದ ಬಿಸಿ ಬಾಯಲ್ಲಿರುವಾಗಲೇ ಆಫೀಸು ಬಂದುಬಿಡುತ್ತಿತ್ತು.

ಅವರ ದೊಡ್ಡ ಗಿರಾಕಿ ಹುಬ್ಬಳ್ಳಿಯದೇ ಒಂದು ರಕ್ತನಿಧಿ. ಯಾರು ರಕ್ತ ಕೊಟ್ಟರು, ಅದು ಯಾವ ಗುಂಪು, ಯಾವ ಚೀಲ ಯಾವ ರೋಗಿಗೆ ಹೋಯಿತು ಎಂಬುದೆಲ್ಲ ಸೃಷ್ಟಿ ಬರೆದ ಪ್ರೋಗ್ರಾಮಿನಲ್ಲೇ ದಾಖಲಾಗುತ್ತಿತ್ತು. ಕೆಲವು ದಿನಗಳ ಹಿಂದೆ ಅಲ್ಲಿಂದ ಒಂದು ದೂರು ಬಂದಿತ್ತು. ಇಕ್ಬಾಲ ಎಂಬ ದಾನಿ ತಪ್ಪದೆ ಬಂದು ರಕ್ತ ಕೊಡುವ ಮನುಷ್ಯ. ಅವನ ಹೆಸರನ್ನು ಒಬ್ಬರು ಪೂರ್ತಿ ಇಂಗ್ಲಿಷಿನ ದೊಡ್ಡ ಅಕ್ಷರದಲ್ಲಿ ಹೊಡೆದಿದ್ದರು, ಇನ್ನೊಬ್ಬರು ಸಣ್ಣ ಅಕ್ಷರದಲ್ಲಿ, ಮತ್ತೊಬ್ಬರು ಮೊದಲನೆಯದನ್ನು ಮಾತ್ರ ದೊಡ್ಡದು ಮಾಡಿ. ಕಂಪ್ಯೂಟರಿಗೆ ದೊಡ್ಡ ಅಕ್ಷರ ಬೇರೆ, ಸಣ್ಣ ಅಕ್ಷರ ಬೇರೆ. ಹೀಗಾಗಿ ಅದು ಒಬ್ಬ ಇಕ್ಬಾಲನನ್ನು ಮೂವರನ್ನಾಗಿ ಮಾಡಿ ಕೂರಿಸಿತ್ತು. ಇದಕ್ಕೆ ಮದ್ದು ಸುಲಭ. ಹೊಡೆದದ್ದನ್ನೆಲ್ಲ ದೊಡ್ಡ ಅಕ್ಷರಕ್ಕೆ ತಿರುಗಿಸಿ ಇಟ್ಟುಕೊಂಡರೆ ಮುಗಿಯಿತು. ಪ್ರೋಗ್ರಾಮಿನಲ್ಲಿ ಒಂದೇ ಒಂದು ಸಾಲು. ಸೃಷ್ಟಿ ಆ ಸಾಲನ್ನು ಹಿಂದಿನ ಮಧ್ಯಾಹ್ನ ಬರೆದು, ಹಳೆಯ ದಾಖಲೆಗಳ ಮೇಲೂ ಒಮ್ಮೆ ಓಡಿಸಿ, ನಿರಾಳವಾಗಿ ಮನೆಗೆ ಹೋಗಿದ್ದಳು.

ಈಗ ನೋಡಿದರೆ ಇಕ್ಬಾಲ ಒಬ್ಬನೇ ಆಗಿದ್ದ. ಹೆಸರುಗಳೆಲ್ಲ ಸರಿಯಾಗಿದ್ದವು. ಎದ್ದು ಚಹಾಕ್ಕೆ ಹೋಗುವ ಮೊದಲು ಅವಳು ಸುಮ್ಮನೆ ರಕ್ತದ ಚೀಲಗಳ ಪುಟವನ್ನೂ ತೆರೆದಳು. ಚೀಲದ ನಂಬರಿನ ಪಕ್ಕ ಮೇಲಿನಿಂದ ಕೆಳಗಿನವರೆಗೆ ಒಂದೇ ಬಗೆ: CCDEE, CCDEE, CCDEE. ಸಾಲಾಗಿ ನಿಲ್ಲಿಸಿದ ಶಾಲೆಮಕ್ಕಳ ಹಾಗೆ ಅಚ್ಚುಕಟ್ಟಾಗಿತ್ತು. ಒಂದು ಗಳಿಗೆ ಅವಳಿಗೆ ಚೆಂದವೇ ಅನಿಸಿತು. ಆಮೇಲೆ ಮತ್ತೊಮ್ಮೆ ಮೇಲಿನಿಂದ ಓದಿದಳು.

ಅಲ್ಲಿ ಹಾಗಿರಬಾರದಿತ್ತು. CcDee ಎಂದು ಒಂದಿರಬೇಕು, CCDee ಎಂದು ಇನ್ನೊಂದು, ccDEe ಎಂದು ಮತ್ತೊಂದು. ದೊಡ್ಡವು ಸಣ್ಣವು ಬೆರೆತೇ ಇರಬೇಕು.

ಪ್ರೋಗ್ರಾಮು ಬರೆಯುವ ಮೊದಲು ರಕ್ತನಿಧಿಯ ಹಿರಿಯ ಟೆಕ್ನಿಷಿಯನ್ ಗೌಸಮೊದ್ದೀನ ಅವಳನ್ನು ಎದುರಿಗೆ ಕೂರಿಸಿಕೊಂಡು ಇದನ್ನು ವಿವರಿಸಿದ್ದರು. "ಎ, ಬಿ, ಓ ಅಷ್ಟ ಅಲ್ರಿ ಮೇಡಂ. ರಕ್ತದ ಕಣದ ಮೈಮ್ಯಾಲ ಇನ್ನೂ ಭಾಳ ಗುರ್ತು ಇರ್ತಾವ. ದೊಡ್ಡ ಸಿ ಒಂದು ಗುರ್ತು, ಸಣ್ಣ ಸಿ ಬ್ಯಾರೆ ಗುರ್ತು. ಒಬ್ಬರ ರಕ್ತದಾಗ ಎರಡೂ ಇರಬಹುದು, ಒಂದ ಇರಬಹುದು." ಬಹಳ ಜನರಿಗೆ ಇದರಿಂದ ಏನೂ ಆಗುವುದಿಲ್ಲ. ಆದರೆ ಹಿಂದೆ ಬೇರೆಯವರ ರಕ್ತ ಪಡೆದೋ, ಬಸಿರಾದಾಗಲೋ, ಕೆಲವರ ಮೈ ಸಣ್ಣ ಸಿ ಮೇಲೆ ಹಗೆ ಸಾಧಿಸುವುದನ್ನು ಕಲಿತುಬಿಟ್ಟಿರುತ್ತದೆ. ಅಂಥವರಿಗೆ ಮತ್ತೆ ಸಣ್ಣ ಸಿ ಇರುವ ರಕ್ತ ಏರಿಸಿದರೆ ಮೈ ಅದನ್ನು ಒಡೆದು ಹಾಕುತ್ತದೆ. ಕಾಮಾಲೆ ಬರುತ್ತದೆ, ಮೂತ್ರಪಿಂಡ ಕೆಡುತ್ತದೆ, ಜೀವವೂ ಹೋದೀತು. ಆದ್ದರಿಂದ ಅಂಥ ರೋಗಿಗೆ ರಕ್ತ ಬೇಕಾದಾಗ ಸೃಷ್ಟಿಯ ಪ್ರೋಗ್ರಾಮು ಪ್ರತಿ ಚೀಲದ ಅಕ್ಷರಗಳಲ್ಲಿ ಸಣ್ಣ ಸಿ ಇದೆಯೇ ಎಂದು ಹುಡುಕುತ್ತಿತ್ತು. ಇಲ್ಲದಿದ್ದರೆ ಚೀಲದ ಮುಂದೆ ಹಸಿರು ಗುರುತು ತೋರಿಸುತ್ತಿತ್ತು.

ಈಗ ಯಾವ ಚೀಲದಲ್ಲೂ ಸಣ್ಣ ಸಿ ಇರಲಿಲ್ಲ. ಎಲ್ಲ ಚೀಲಕ್ಕೂ ಹಸಿರು ಬರುತ್ತಿತ್ತು.

ಅವಳು ಆ ಒಂದು ಸಾಲನ್ನು ಹೆಸರಿನ ಜಾಗದಲ್ಲಿ ಇಡುವ ಬದಲು, ಹೊಡೆದದ್ದೆಲ್ಲ ಹಾದುಹೋಗುವ ಸಾಮಾನ್ಯ ದಾರಿಯಲ್ಲಿ ಇಟ್ಟಿದ್ದಳು. ಹೆಸರು, ಊರು, ಓಣಿ, ರಕ್ತದ ಗುರುತು, ಎಲ್ಲವೂ ಅದರ ಬಾಯಿಗೆ ಸಿಕ್ಕಿದ್ದವು. ತಿರುಗಿ ಸಣ್ಣದು ಮಾಡೋಣವೆಂದರೆ ದಾರಿಯಿರಲಿಲ್ಲ. ದೊಡ್ಡ ಸಿಯನ್ನು ಸಣ್ಣ ಸಿ ಮಾಡುವುದು ಕಂಪ್ಯೂಟರಿಗೆ ಕಣ್ಣುಮುಚ್ಚಿ ತೆರೆಯುವ ಕೆಲಸ. ಆದರೆ ಎರಡು ಸಿಗಳಲ್ಲಿ ಮೊದಲು ಸಣ್ಣದಾಗಿದ್ದದ್ದು ಯಾವುದು, ಮೊದಲಿಂದಲೂ ದೊಡ್ಡದಾಗಿದ್ದದ್ದು ಯಾವುದು ಎಂದು ಹೇಳುವವರು ಯಾರು? ಆ ನೆನಪನ್ನು ಅವಳ ಸಾಲು ಅಳಿಸಿ ಹಾಕಿತ್ತು.

ಬಸವಪ್ರಭು ಒಳಕೋಣೆಯಲ್ಲಿ ಯಾರೊಡನೆಯೋ ಫೋನಿನಲ್ಲಿ ನಗುತ್ತ ಮಾತಾಡುತ್ತಿದ್ದರು. ಸೃಷ್ಟಿ ಬಾಗಿಲಲ್ಲಿ ನಿಂತದ್ದನ್ನು ನೋಡಿ ಫೋನ್ ಇಟ್ಟರು.

"ಏನಾತು? ಮಾರಿ ಯಾಕ ಹಂಗ ಮಾಡೀಯವಾ?"

ಅವಳು ಹೇಳಿದಳು. ಹೇಳುವಾಗ ತನ್ನ ದನಿ ಬೇರೆ ಯಾರದೋ ಹಾಗೆ ಕೇಳಿಸಿತು. ಬಸವಪ್ರಭು ಎದ್ದು ಬಂದು ಅವಳ ಪರದೆಯನ್ನು ನೋಡಿದರು. ಹಣೆಯ ವಿಭೂತಿಯ ಕೆಳಗೆ ಬೆವರು ಮೂಡಿತು.

"ಯಾರಿಗೂ ಫೋನ್ ಮಾಡಬ್ಯಾಡ," ಎಂದರು. "ಮೊದಲ ಸರಿ ಮಾಡು. ಬ್ಯಾಕಪ್ ಐತೆಲ್ಲ, ಅದನ್ನ ಹಾಕು. ಆಮ್ಯಾಲ ಸಾವಕಾಶ ನೋಡೂಣು."

"ಹಳೇ ಚೀಲ ಬ್ಯಾಕಪ್ಪಿನಾಗ ಸಿಗ್ತಾವ್ರಿ ಸರ್. ನಿನ್ನೆ ರಕ್ತದಾನದ ಕ್ಯಾಂಪಿನ್ಯಾಗ ಬಂದ ಚೀಲ ಸಂಜಿಮುಂದ ಕಂಪ್ಯೂಟರಿನ್ಯಾಗ ಹೊಡದಾರ. ಅವಕ್ಕ ಖರೇ ಅಕ್ಷರ ಎಲ್ಲೂ ಉಳದಿಲ್ಲ."

"ಹಂಗಂದ್ರ?"

"ಯಾರಿಗರ ಕೊಟ್ಟಿದ್ರ, ಸರ್..."

ಬಸವಪ್ರಭು ಕುರ್ಚಿಯ ಬೆನ್ನು ಹಿಡಿದು ನಿಂತರು. "ಸೃಷ್ಟಿ, ಹೊರಗ ಗೊತ್ತಾತಂದ್ರ ಈ ಕಂಪನಿ ಉಳಿಯೂದಿಲ್ಲ. ನಾ ಒಂದೀಟು ವಿಚಾರ ಮಾಡ್ತೇನಿ, ತಡಿ."

ಅವಳು ತಡೆಯಲಿಲ್ಲ. ಅಲ್ಲೇ, ಅವರ ಎದುರಿಗೇ, ಗೌಸಮೊದ್ದೀನರ ನಂಬರಿಗೆ ಫೋನ್ ಹಚ್ಚಿದಳು. ಧೈರ್ಯದಿಂದ ಮಾಡಿದ್ದಲ್ಲ ಅದು. ಇನ್ನೊಂದು ನಿಮಿಷ ಸುಮ್ಮನೆ ನಿಂತರೆ ತನ್ನ ಬಾಯಿ ಮತ್ತೆ ತೆರೆಯಲಿಕ್ಕಿಲ್ಲ ಎಂಬ ಹೆದರಿಕೆಯಿಂದ ಮಾಡಿದ್ದು.

ಗೌಸಮೊದ್ದೀನ ವಿಷಯ ಕೇಳಿಸಿಕೊಂಡರು. ಹಿಂದೆ ಯಾವುದೋ ಯಂತ್ರ ಗುಂಯ್ ಎನ್ನುವುದು ಕೇಳುತ್ತಿತ್ತು.

"ಯಾವಾಗಿಂದ?" ಎಂದರು.

"ನಿನ್ನೆ ಮಧ್ಯಾನದಿಂದ್ರಿ."

"ಯಾ ಅಲ್ಲಾ." ಅವರ ದನಿ ಕೆಳಗಿಳಿಯಿತು. "ಮುಂಜಾನೆ ಒಂದು ಚೀಲ ಕೊಟ್ಟೇನ್ರಿ ಮೇಡಂ. ಮುಗದ ಊರಿನ ಹೆಣಮಗಳು, ರೇಣವ್ವ ಅಂತ. ಧಾರವಾಡದಾಗ ಒಂದು ನರ್ಸಿಂಗ್ ಹೋಮಿನ್ಯಾಗ ಅದಾಳ. ನಾಳೆ ಗರ್ಭಚೀಲದ ಆಪರೇಶನ್, ರಕ್ತ ಭಾಳ ಕಡಿಮಿ ಐತಿ. ಆಕಿಗೆ ಸಣ್ಣ ಸಿ ಆಗಂಗಿಲ್ಲ."

"ನೀವು ಟೆಸ್ಟ್ ಮಾಡಿ ಕೊಡ್ತೀರಲ್ರಿ? ಚೀಲದ ರಕ್ತ, ಪೇಶಂಟ್ ರಕ್ತ ಕೂಡಿಸಿ ನೋಡ್ತೀರಲ್ಲ?"

"ನೋಡೇನ್ರಿ. ಕೊಳವಿಯೊಳಗ ಏನೂ ತೋರಿಸಲಿಲ್ಲ. ವರ್ಷಗಟ್ಟಲೆ ಆದ ಮ್ಯಾಲ ಆ ಹಗಿ ರಕ್ತದಾಗ ಕಾಣಂಗಿಲ್ರಿ, ಮಲಗಿಬಿಟ್ಟಿರ್ತೈತಿ. ಮೈಯೊಳಗ ಹೋದ ಮ್ಯಾಲ ಎಚ್ಚರ ಆಗ್ತೈತಿ. ಅದಕ್ಕ ಹಳೇ ದಾಖಲೆ ನಂಬಬೇಕು. ನಿಮ್ಮ ಪರದೆ ಮ್ಯಾಲ ಹಸರ ಬಂದಿತ್ತು, ಗದ್ಲ ಭಾಳ ಇತ್ತು, ಕೊಟ್ಟೆ."

ಆ ಮಾತಿನಲ್ಲಿ ದೂರು ಇರಲಿಲ್ಲ. ಅದೇ ಸೃಷ್ಟಿಯನ್ನು ಇನ್ನಷ್ಟು ಹೆದರಿಸಿತು.

ಚೀಲವನ್ನು ಒಯ್ದವನು ರೇಣವ್ವನ ಗಂಡ ಗುರುಶಿದ್ದಪ್ಪ. ಥರ್ಮಾಕೋಲ್ ಡಬ್ಬಿಯಲ್ಲಿ ಬರ್ಫು ಹಾಕಿಸಿಕೊಂಡು ಹುಬ್ಬಳ್ಳಿ-ಧಾರವಾಡ ನಡುವೆ ಓಡುವ ಚಿಗರಿ ಬಸ್ಸು ಹಿಡಿದು ಹೋಗಿದ್ದ. ಈಗಾಗಲೇ ಧಾರವಾಡ ಮುಟ್ಟಿರಬೇಕು. ಚೀಲದ ಬಾಲದ ಕೊಳವೆಯ ಒಂದು ತುಂಡು ರಕ್ತನಿಧಿಯಲ್ಲೇ ಉಳಿದಿರುತ್ತದೆ. ಅದರಲ್ಲಿ ಸಣ್ಣ ಸಿ ಇದೆಯೋ ಇಲ್ಲವೋ ಈಗಲೇ ಪರೀಕ್ಷೆ ಮಾಡುತ್ತೇನೆ, ಡಾಕ್ಟರಿಗೆ ಫೋನ್ ಹಚ್ಚುತ್ತಿರುತ್ತೇನೆ, ನೀವೂ ಹಚ್ಚಿರಿ ಎಂದು ಗೌಸಮೊದ್ದೀನ ಎರಡು ನಂಬರು ಕೊಟ್ಟು ಫೋನ್ ಇಟ್ಟರು. ಒಂದು ನರ್ಸಿಂಗ್ ಹೋಮಿನದು, ಇನ್ನೊಂದು ಗುರುಶಿದ್ದಪ್ಪನದು.

ಗುರುಶಿದ್ದಪ್ಪನ ಫೋನು ರಿಂಗಾಗಿ ಕಟ್ಟಾಯಿತು. ಮತ್ತೆ ಹಚ್ಚಿದರೆ ಮತ್ತೆ ಕಟ್ಟು. ಯಾರೋ ಬೇಕೆಂದೇ ಕತ್ತರಿಸುತ್ತಿದ್ದರು. ನರ್ಸಿಂಗ್ ಹೋಮಿನ ಲೈನು ಬಿಡುವಿರಲಿಲ್ಲ.

ಸೃಷ್ಟಿ ಸ್ಕೂಟಿಯ ಕೀಲಿ ತೆಗೆದುಕೊಂಡು ಮೆಟ್ಟಿಲಿಗೆ ಓಡಿದಳು. ಹಿಂದಿನಿಂದ ಬಸವಪ್ರಭು ಕರೆದರು. ತಡೆಯುತ್ತಾರೆ ಎಂದುಕೊಂಡು ಅವಳು ತಿರುಗಲಿಲ್ಲ. ಅವರು ಅವಳಿಗಿಂತ ಲಗುಬಗೆಯಿಂದ ಇಳಿದು ಬಂದು ತಮ್ಮ ಕಾರಿನ ಬಾಗಿಲು ತೆರೆದರು.

"ಸ್ಕೂಟಿ ಮ್ಯಾಲ ಹೊಂಟ್ರ ದಾರ್ಯಾಗ ಬೀಳ್ತಿ. ಹತ್ತು."

ಗೋಪನಕೊಪ್ಪ ದಾಟುವಾಗ ಅವಳ ಮನೆಯ ಓಣಿಯ ಬಾಯಿ ಕಂಡು ಮರೆಯಾಯಿತು. ಒಳಗೆ ಅವ್ವ ಈ ಹೊತ್ತಿಗೆ ರೊಟ್ಟಿ ತಟ್ಟುತ್ತಿರುತ್ತಾಳೆ. ಮಗಳು ಯಾರದೋ ಜೀವ ತೆಗೆದಿರಬಹುದು ಎಂದು ಅವಳಿಗೆ ಗೊತ್ತಿಲ್ಲ. ಉಣಕಲ್ಲಿನ ಹತ್ತಿರ ಲಾರಿಯೊಂದು ಅಡ್ಡ ನಿಂತಿತ್ತು. ಬಸವಪ್ರಭು ಹಾರ್ನು ಬಾರಿಸುತ್ತಲೇ ಇದ್ದರು. ಪಕ್ಕದ ಮೀಸಲು ದಾರಿಯಲ್ಲಿ ಚಿಗರಿ ಬಸ್ಸುಗಳು ಒಂದರ ಹಿಂದೊಂದು ಸರಾಗವಾಗಿ ಸಾಗುತ್ತಿದ್ದವು. ಪ್ರತಿ ಬಸ್ಸಿನ ಗಾಜಿನೊಳಗೂ ತೊಡೆಯ ಮೇಲೆ ಬಿಳಿ ಡಬ್ಬಿ ಇಟ್ಟುಕೊಂಡ ಮನುಷ್ಯನನ್ನು ಸೃಷ್ಟಿ ಹುಡುಕಿದಳು.

ನವನಗರದ ಸಮೀಪ ನರ್ಸಿಂಗ್ ಹೋಮಿನ ಫೋನು ಕೊನೆಗೂ ಹತ್ತಿತು. ಎತ್ತಿದವಳು ತನ್ನ ಹೆಸರು ಸೌಮ್ಯಾ, ರಿಸೆಪ್ಶನ್ನಿನಲ್ಲಿ ಇದ್ದೇನೆ ಎಂದಳು.

"ಮುಗದದ ರೇಣವ್ವ ಅಂತ ಪೇಶಂಟ್ ಅದಾರಲ್ರಿ. ಅವರಿಗೆ ಇವತ್ತ ತಂದ ರಕ್ತ ಏರಸಬ್ಯಾಡ್ರಿ. ಅದರಾಗ ಸಣ್ಣ ಸಿ ಇರಬಹುದು. ಅವರಿಗೆ ಅದು ಆಗಂಗಿಲ್ಲ."

"ಡಾಕ್ಟರ್ ಆಪರೇಶನ್ನಿನ್ಯಾಗ ಅದಾರ್ರಿ."

"ಸಿಸ್ಟರ್‌ಗೆ ಹೇಳ್ರಿ. ಈಗ, ಲಗೂನ."

ಫೋನು ಮೇಜಿನ ಮೇಲೆ ಇಟ್ಟ ಸಪ್ಪಳವಾಯಿತು. ಚಪ್ಪಲಿಯ ಸದ್ದು ದೂರ ಹೋಯಿತು. ಸೃಷ್ಟಿ ಕಾದಳು. ಚಪ್ಪಲಿಯ ಸದ್ದು ಮತ್ತೆ ಹತ್ತಿರ ಬಂತು.

"ಹೆದರಬ್ಯಾಡ್ರಿ ಮೇಡಂ," ಎಂದಳು ಸೌಮ್ಯಾ ಸಮಾಧಾನದ ದನಿಯಲ್ಲಿ. "ನಾನ ಕಣ್ಣಾರೆ ನೋಡಿ ಬಂದೆ. ಚೀಲದ ಮ್ಯಾಲ ಸಣ್ಣ ಸಿ ಇಲ್ಲ. ಎಲ್ಲಾ ದೊಡ್ಡ ಅಕ್ಷರನ ಅದಾವ. ಸಿಸ್ಟರ್ ಸೈತ ನೋಡಿದ್ರು, ಸರಿ ಐತಂತ."

ಆ ಲೇಬಲ್ಲನ್ನು ಅಚ್ಚು ಹಾಕಿದ್ದು ಸೃಷ್ಟಿಯ ಪ್ರೋಗ್ರಾಮೇ. ಅವಳ ತಪ್ಪು ಅವಳಿಗಿಂತ ಮೊದಲೇ ಧಾರವಾಡ ಮುಟ್ಟಿ, ಅವಳ ಮಾತನ್ನೇ ಸುಳ್ಳು ಮಾಡುತ್ತಿತ್ತು.

"ಇಲ್ರಿ, ಆ ಲೇಬಲ್ಲ ತಪ್ಪೈತಿ. ಕಂಪ್ಯೂಟರ್ ಅದನ್ನ ದೊಡ್ಡದು ಮಾಡೇತಿ. ಹಲೋ? ಹಲೋ?"

ಲೈನು ಹೋಗಿತ್ತು. ಮತ್ತೆ ಹಚ್ಚಿದರೆ ಮತ್ತದೇ ಬಿಡುವಿಲ್ಲದ ಸದ್ದು.

ಸತ್ತೂರು ದಾಟಿದ ಮೇಲೆ ಗೌಸಮೊದ್ದೀನರ ಫೋನು ಬಂತು. ಸೃಷ್ಟಿ ಸ್ಪೀಕರ್ ಹಚ್ಚಿದಳು.

"ನೋಡಿದೆ," ಎಂದರು ಅವರು. "ಕೊಳವಿಯೊಳಗ ರಕ್ತ ಗಂಟು ಕಟ್ಟೈತಿ. ಆ ಚೀಲದಾಗ ಸಣ್ಣ ಸಿ ಐತಿ. ಡಾಕ್ಟರ್ ಫೋನ್ ಬಂದ್ ಐತಿ, ನಾನೂ ಹಚ್ಚಾಕತ್ತೇನಿ. ನೀವು ಎಲ್ಲಿಗೆ ಬಂದ್ರಿ?"

ಬಸವಪ್ರಭು ಅವರೇ ಉತ್ತರ ಕೊಟ್ಟರು. "ಟೋಲ್ ನಾಕಾದ ಹತ್ರ ಅದೇವಿ." ಇನ್ನೂ ಅಷ್ಟು ದೂರ ಬಂದಿರಲಿಲ್ಲ. ಆ ಸುಳ್ಳನ್ನು ನಿಜ ಮಾಡುವುದಕ್ಕೋ ಎಂಬಂತೆ ಅವರು ಗಾಡಿಯ ವೇಗ ಏರಿಸಿದರು. ಸ್ವಲ್ಪ ಹೊತ್ತಿನ ಮೇಲೆ, ರಸ್ತೆಯಿಂದ ಕಣ್ಣು ತೆಗೆಯದೆ, "ನಾ ಯಾಕ ತಡಿ ಅಂದೆ ನಿನಗ," ಎಂದರು. ಅದು ಪ್ರಶ್ನೆಯಾಗಿರಲಿಲ್ಲ. ಸೃಷ್ಟಿ ನರ್ಸಿಂಗ್ ಹೋಮಿನ ನಂಬರು ಮತ್ತೆ ಒತ್ತಿದಳು.

ನರ್ಸಿಂಗ್ ಹೋಮು ಸಪ್ತಾಪುರದ ಒಂದು ಒಳರಸ್ತೆಯಲ್ಲಿ ಇತ್ತು. ಜ್ಯುಬಿಲಿ ಸರ್ಕಲ್ಲಿನ ಗದ್ದಲದಲ್ಲಿ ಕಾರು ಸಿಕ್ಕಿಕೊಂಡಾಗ ಇಳಿದು ಓಡಲೇ ಎಂದು ಸೃಷ್ಟಿ ಬಾಗಿಲಿಗೆ ಕೈ ಹಾಕಿದ್ದಳು. ಆದರೆ ದಾರಿ ಬಿಟ್ಟಿತು. ಗೇಟಿನೊಳಗೆ ಕಾರು ಪೂರ್ತಿ ನಿಲ್ಲುವ ಮೊದಲೇ ಅವಳು ಇಳಿದಳು. ರಿಸೆಪ್ಶನ್ನಿನ ಹುಡುಗಿ ಏನೋ ಕೇಳಿದಳು. ಸೃಷ್ಟಿ ಮೆಟ್ಟಿಲು ಹತ್ತಿ, ಹೆಂಗಸರ ವಾರ್ಡು ಎಂದು ಬರೆದ ಬಾಗಿಲು ನೂಕಿದಳು.

ಕಿಟಕಿಯ ಪಕ್ಕದ ಹಾಸಿಗೆಯಲ್ಲಿ ಒಬ್ಬ ಹೆಂಗಸು ಮಲಗಿದ್ದಳು. ಬಿಳಿಚಿಕೊಂಡ ಮುಖ, ಹಣೆಯಲ್ಲಿ ದೊಡ್ಡ ಕುಂಕುಮ. ತಲೆದಿಂಬಿನ ಬಳಿ ಒಂದು ಫೋನು ಚಾರ್ಜಿಗೆ ಹಾಕಿತ್ತು. ಕಬ್ಬಿಣದ ಕಂಬಕ್ಕೆ ಕೆಂಪು ಚೀಲ ತೂಗುಬಿಟ್ಟಿತ್ತು. ಚೀಲದಿಂದ ಇಳಿದ ಕೊಳವೆ ಅವಳ ಮೊಣಕೈವರೆಗೂ ಕೆಂಪಾಗಿತ್ತು. ಮೇಲಿನ ಪುಟ್ಟ ಗಾಜಿನಂಥ ಬುರುಡೆಯಲ್ಲಿ ಹನಿ ಕೂಡುತ್ತಿತ್ತು, ಬೀಳುತ್ತಿತ್ತು. ನರ್ಸು ವಾಚು ನೋಡುತ್ತ ಹನಿ ಎಣಿಸುತ್ತಿದ್ದಳು.

"ನಿಲ್ಲಸ್ರಿ," ಎಂದಳು ಸೃಷ್ಟಿ. "ಸಿಸ್ಟರ್, ನಿಲ್ಲಸ್ರಿ ಅದನ್ನ."

ನರ್ಸು ತಿರುಗಿದಳು. ಎದೆಯ ಮೇಲಿನ ಪಟ್ಟಿಯಲ್ಲಿ ಕರುಣಾ ಎಂದಿತ್ತು. "ನೀವು ಯಾರ್ರೀ? ಒಳಗ ಹೆಂಗ ಬಂದ್ರಿ?"

"ಈ ಲೇಬಲ್ಲ ಅಚ್ಚು ಹಾಕೂ ಪ್ರೋಗ್ರಾಮ್ ಬರದಾಕಿ ನಾನು. ಅದರಾಗಿನ ಅಕ್ಷರ ತಪ್ಪು. ತಪ್ಪು ಮಾಡಿದಾಕಿನೂ ನಾನ. ರಕ್ತನಿಧ್ಯಾಗ ಈಗ ಮತ್ತ ಟೆಸ್ಟ್ ಮಾಡ್ಯಾರ, ಇದರಾಗ ಸಣ್ಣ ಸಿ ಐತಿ."

ಕರುಣಾ ಮರುಪ್ರಶ್ನೆ ಹಾಕಲಿಲ್ಲ. ಮಾತು ಪೂರ್ತಿ ಅರ್ಥವಾಯಿತೋ ಇಲ್ಲವೋ, ಎದುರಿಗೆ ನಿಂತವಳ ಮುಖ ಅವಳಿಗೆ ಅರ್ಥವಾಗಿತ್ತು. ಕೈ ನೇರವಾಗಿ ಕೊಳವೆಯ ಮೇಲಿನ ಚಕ್ರಕ್ಕೆ ಹೋಯಿತು. ಬುರುಡೆಯಲ್ಲಿ ಹನಿ ಅರ್ಧ ಕೂಡಿ ಅಲ್ಲೇ ನಿಂತಿತು. ಕರುಣಾ ಕೊಳವೆಯನ್ನು ಬಿಚ್ಚಿ ಚೀಲವನ್ನು ಇಳಿಸಿದಳು. ಸೂಜಿಯನ್ನು ಹಾಗೇ ಉಳಿಸಿ, ಹೊಸ ಕೊಳವೆಯಿಂದ ಸಲೈನ್ ಹಚ್ಚಿದಳು. ಆಮೇಲೆ ಫೋನು ಹಚ್ಚುತ್ತ ಕೂರದೆ ಓಡಿಕೊಂಡೇ ಆಪರೇಶನ್ ಕೋಣೆಗೆ ಹೋದಳು.

ರೇಣವ್ವ ಸೃಷ್ಟಿಯನ್ನೇ ನೋಡುತ್ತಿದ್ದಳು. "ಫೋನ್ ಹಚ್ಚಿದಾಕಿ ನೀನ ಏನವಾ?" ಎಂದಳು ಮೆಲ್ಲಗೆ. "ಗೊತ್ತಿಲ್ಲದ ನಂಬರು ಎತ್ತಬ್ಯಾಡ, ಬ್ಯಾಂಕಿನ್ಯಾರು ಅಂತ ಸುಳ್ಳ ಹೇಳಿ ಮೋಸ ಮಾಡ್ತಾರ ಅಂತ ನಮ್ಮ ಮನಿಯವ್ರು ಹೇಳಿದ್ರು. ಅವರ ಫೋನ್ ಇಲ್ಲೇ ಚಾರ್ಜಿಗಿತ್ತು, ನಾನ ಕಟ್ ಮಾಡಿದೆ."

ಸೃಷ್ಟಿ ಹಾಸಿಗೆಯ ಕಾಲಿನ ಬಳಿ ಕೂತಳು. ಬಾಗಿಲಲ್ಲಿ ಹೆಗಲ ಮೇಲೆ ಟವೆಲು ಹಾಕಿದ ಗುರುಶಿದ್ದಪ್ಪ ನಿಂತಿದ್ದ. ಅವನ ಕೈಯಲ್ಲಿ ಇನ್ನೂ ಆ ಬಿಳಿ ಡಬ್ಬಿ ಇತ್ತು.

ಡಾಕ್ಟರ್ ರಾಜೇಶ್ವರಿ ಆಪರೇಶನ್ನಿನ ಹಸಿರು ಬಟ್ಟೆಯಲ್ಲೇ ಬಂದರು. ಚೀಲವನ್ನು ಎತ್ತಿ ಬೆಳಕಿಗೆ ಹಿಡಿದು ಎಷ್ಟು ಇಳಿದಿದೆ ಎಂದು ನೋಡಿದರು. ಗೌಸಮೊದ್ದೀನರೊಡನೆ ಫೋನಿನಲ್ಲಿ ಮಾತಾಡಿದರು. ನಂತರ ಗಂಡ ಹೆಂಡತಿ ಇಬ್ಬರಿಗೂ ಏನನ್ನೂ ಮುಚ್ಚಿಡದೆ ಹೇಳಿದರು. "ಹೋಗಬಾರದ ರಕ್ತ ಸ್ವಲ್ಪ ಹೋಗೈತಿ. ನಾಕೈದು ಚಮಚೆ ಅಷ್ಟ. ಈಗ ಏನೂ ಆಗಲಿಕ್ಕಿಲ್ಲ. ಆದ್ರ ಮೈಗೆ ಹಳೇ ಹಗಿ ನೆನಪಾಗಾಕ ಒಂದು ವಾರ ಹಿಡೀತೈತಿ. ಅಲ್ಲೀತನಾ ಆಪರೇಶನ್ ಬ್ಯಾಡ. ದಿನಾ ರಕ್ತ ನೋಡ್ತೇವಿ, ಕಣ್ಣ ನೋಡ್ತೇವಿ, ಉಚ್ಚಿ ಬಣ್ಣ ನೋಡ್ತೇವಿ."

ಗುರುಶಿದ್ದಪ್ಪ ಸೃಷ್ಟಿಯ ಕಡೆ ತಿರುಗಿದ. ಗಟ್ಟಿಯಾಗಿ ಮಾತಾಡಲಿಲ್ಲ. "ಇದರ ಸಂಬಂಧನ ಈಕಿ ಒಂದು ಕೂಸು ಹೊಟ್ಯಾಗ ಕಳಕೊಂಡಾಳ," ಎಂದ. "ಅವಾಗ ಡಾಕ್ಟರ್ ಹೇಳಿದ್ರು, ಎಲ್ಲಾರ ರಕ್ತ ಈಕಿಗೆ ಒಗ್ಗೂದಿಲ್ಲ ಅಂತ. ಅದಕ್ಕ ಹುಬ್ಬಳ್ಳಿತನಾ ಹೋಗಿ, ನೋಡಿ ಕೊಡ್ರಿ ಅಂತ ಕೈ ಮುಗುದು ತಂದಿದ್ದೆ."

ಸೃಷ್ಟಿ ತಲೆ ತಗ್ಗಿಸಿದಳು. ತಪ್ಪಾಯಿತು ಎಂದಳು. ಆ ಮಾತು ಆ ಕೋಣೆಯಲ್ಲಿ ತೀರ ಹಗುರಾಗಿ ಕೇಳಿಸಿತು. ಅವನು ಡಬ್ಬಿ ಹಿಡಿದೇ ಹೊರಗೆ ಹೋದ.

ಆ ಮಧ್ಯಾಹ್ನವೇ ಬಸವಪ್ರಭು ಮತ್ತು ಸೃಷ್ಟಿ ರಕ್ತನಿಧಿಗೆ ಬಂದರು. ಹಿಂದಿನ ಮಧ್ಯಾಹ್ನದಿಂದ ಹೊರಹೋದ ಬೇರೆ ಚೀಲಗಳನ್ನು ಗೌಸಮೊದ್ದೀನ ಆಗಲೇ ಹುಡುಕಿಸಿದ್ದರು. ಅವನ್ನು ಪಡೆದವರಲ್ಲಿ ಯಾರಿಗೂ ಇಂಥ ಹಗೆ ಇರಲಿಲ್ಲ, ಅವರಿಗೆ ಅಪಾಯವಿಲ್ಲ. ಹಳೆಯ ಚೀಲಗಳ ಅಕ್ಷರಗಳನ್ನು ಬ್ಯಾಕಪ್ಪಿನಿಂದ ತುಂಬಿ, ಹೊಸ ಚೀಲಗಳನ್ನೆಲ್ಲ ಬದಿಗಿಟ್ಟು ಮತ್ತೊಮ್ಮೆ ಪರೀಕ್ಷೆ ಮಾಡಲು ಕೂತರು. ಗೌಸಮೊದ್ದೀನ ಕೊಳವೆಯನ್ನು ಅಲುಗಿಸಿ ನೋಡಿ, "ದೊಡ್ಡ ಸಿ ಐತಿ, ಸಣ್ಣ ಸಿ ಐತಿ," ಎಂದು ಹೇಳುವರು. ಸೃಷ್ಟಿ ಒಂದೊಂದೇ ಅಕ್ಷರ ಹೊಡೆದು, ಹೊಡೆದದ್ದನ್ನು ತಿರುಗಿ ಓದುವಳು. ಬಾಯಲ್ಲಿ ಹೇಳಿದರೆ ಎರಡೂ ಸಿ ಒಂದೇ ಸದ್ದು. ಸಣ್ಣ, ದೊಡ್ಡ ಎಂಬ ಮಾತು ಬಿಟ್ಟುಹೋದರೆ ಏನೂ ಉಳಿಯದು. ಅವಳು ಪ್ರತಿ ಸಲ ಕೇಳಿದಳು, ಗೊತ್ತಿದ್ದರೂ ಕೇಳಿದಳು. ಗೌಸಮೊದ್ದೀನ ಬೇಸರಿಸದೆ ಪ್ರತಿ ಸಲ ಹೇಳಿದರು.

ರಕ್ತನಿಧಿಯ ಮುಖ್ಯಸ್ಥರು ಕಾರಣ ಕೇಳಿದಾಗ ಸೃಷ್ಟಿ ಬಾಯಿ ತೆರೆಯುವ ಮೊದಲೇ ಬಸವಪ್ರಭು ಮಾತಾಡಿದರು. "ಬರದಾಕಿ ಈಕಿ. ಆದ್ರ ಬರದದ್ದನ್ನ ನೋಡದ ಕಳಸಿದಾಂವ ನಾನು. ಒಂದು ಸಾಲು ಐತೆಲ್ಲ, ಏನ್ ನೋಡೂದು ಅಂತ ಬಿಟ್ಟೆ." ಬೆಳಿಗ್ಗೆ ಸೃಷ್ಟಿಗೆ ತಡಿ ಎಂದದ್ದನ್ನೂ ಅವರೇ ಹೇಳಿದರು. ಅದನ್ನು ಹೇಳುವ ಅಗತ್ಯ ಇರಲಿಲ್ಲ. ಮುಖ್ಯಸ್ಥರು, ಈ ಪ್ರೋಗ್ರಾಮು ಬೇಕೋ ಬೇಡವೋ ಆಮೇಲೆ ನೋಡೋಣ, ಸದ್ಯಕ್ಕೆ ಆ ಹೆಣ್ಣುಮಗಳು ಉಳಿಯಲಿ ಎಂದರು.

ಆ ವಾರ ಸೃಷ್ಟಿಗೆ ಊಟ ಸೇರಲಿಲ್ಲ. ಕನ್ನಡಿಯಲ್ಲಿ ತನ್ನ ಕಣ್ಣನ್ನೇ ಎಳೆದು ನೋಡಿಕೊಳ್ಳುತ್ತಿದ್ದಳು, ಹಳದಿ ಎಂದರೆ ಎಷ್ಟು ಹಳದಿ ಎಂದು ತಿಳಿಯುವುದಕ್ಕೆ. ದಿನಾ ಮಧ್ಯಾಹ್ನ ಚಿಗರಿ ಹತ್ತಿ ಧಾರವಾಡಕ್ಕೆ ಹೋಗುತ್ತಿದ್ದಳು. ಬರಬೇಡ ಎಂದು ಯಾರೂ ಅನ್ನಲಿಲ್ಲ, ಬಾ ಎಂದೂ ಅನ್ನಲಿಲ್ಲ. ಗುರುಶಿದ್ದಪ್ಪ ಅವಳು ಬಂದ ಕೂಡಲೇ ಎದ್ದು ಹೊರಗಿನ ಬೇವಿನ ಗಿಡದ ಕೆಳಗೆ ಹೋಗಿ ಕೂರುತ್ತಿದ್ದ.

ರೇಣವ್ವ ಮಾತ್ರ ಮಾತಾಡುತ್ತಿದ್ದಳು. "ಎಲ್ಲಾರೂ ನನ್ನ ಕಣ್ಣ ನೋಡಾಕ ಬರ್ತಾರ," ಎಂದಳು ಒಮ್ಮೆ. "ಮದಿವಿ ಆಗೂ ಮುಂದ ಸೈತ ಯಾರೂ ಇಷ್ಟು ನೋಡಿದ್ದಿಲ್ಲ." ಅಂಥ ಮಾತಿಗೆ ನಗಬೇಕೋ ಬೇಡವೋ ಸೃಷ್ಟಿಗೆ ತಿಳಿಯುತ್ತಿರಲಿಲ್ಲ. ಆದದ್ದಾದರೂ ಏನು ಎಂದು ರೇಣವ್ವ ಕೇಳಿದಾಗ, ಇಂಗ್ಲಿಷಿನಲ್ಲಿ ಒಂದೇ ಅಕ್ಷರವನ್ನು ಎರಡು ಬಗೆಯಲ್ಲಿ ಬರೆಯುತ್ತಾರೆ, ನಾನು ಎಲ್ಲವನ್ನೂ ಒಂದೇ ಬಗೆ ಮಾಡಿಬಿಟ್ಟೆ ಎಂದು ಸೃಷ್ಟಿ ವಿವರಿಸಿದಳು.

ರೇಣವ್ವ ಹೊದಿಕೆಯ ಮೇಲೆ ಬೆರಳಿನಿಂದ ಒಂದು ಕ ಬರೆದಳು. "ನಮ್ಮ ಕನ್ನಡದಾಗ ಸಣ್ಣ ಕ, ದೊಡ್ಡ ಕ ಅಂತ ಇಲ್ಲಲ್ಲ."

"ಇಲ್ರಿ ಅಕ್ಕಾರ."

"ಇದ್ದಿದ್ರ ನಿನಗ ನೆನಪಾಗ್ತಿತ್ತೇನು?"

"ಗೊತ್ತಿಲ್ರಿ," ಎಂದಳು ಸೃಷ್ಟಿ.

ವಾರ ತುಂಬುತ್ತ ಬಂದಾಗ ರೇಣವ್ವನ ಕಣ್ಣಿನ ಬಿಳಿಯಲ್ಲಿ ತೆಳ್ಳಗೆ ಹಳದಿ ಕಾಣಿಸಿತು. ಸಂಜೆ ಜ್ವರವೂ ಬಂತು. ಕರುಣಾ ಬಂದು ನೋಡಿ ಡಾಕ್ಟರನ್ನು ಕರೆಯಲು ಹೋದಳು. ಸೃಷ್ಟಿ ಕಾರಿಡಾರಿನ ಗೋಡೆಗೆ ಒರಗಿ ನಿಂತಳು. ಮಲಗಿದ್ದದ್ದು ಎದ್ದಿದೆ ಎಂದು ಅವಳಿಗೆ ಗೊತ್ತಾಯಿತು. ಆ ದಿನ ಗುರುಶಿದ್ದಪ್ಪ ಹೊರಗೆ ಹೋಗಲಿಲ್ಲ. ಹೆಂಡತಿಯ ಪಾದ ಹಿಡಿದು ಕೂತಿದ್ದ. ಬಾಗಿಲ ಸಂದಿಯಿಂದ ಸೃಷ್ಟಿಗೆ ಅವನ ಬೆನ್ನು ಕಾಣುತ್ತಿತ್ತು.

ಮರುದಿನ ಹಳದಿ ಹೆಚ್ಚಾಗಲಿಲ್ಲ. ಅದರ ಮರುದಿನವೂ ಅಷ್ಟೇ ಇತ್ತು. ಮೂತ್ರ ತಿಳಿಯಾಗಿತ್ತು, ಮೂತ್ರಪಿಂಡಗಳಿಗೆ ಏನೂ ಆಗಿರಲಿಲ್ಲ. ಆಮೇಲೆ ಹಳದಿ ಇಳಿಯತೊಡಗಿತು. ಒಳಹೋದ ರಕ್ತ ಅಷ್ಟಿಷ್ಟಾಗಿದ್ದರಿಂದ ಮೈ ಅದನ್ನು ಒಡೆದು ಮುಗಿಸಿ ಸುಮ್ಮನಾಯಿತು ಎಂದರು ರಾಜೇಶ್ವರಿ. ಚೀಲ ಪೂರ್ತಿ ಹೋಗಿದ್ದರೆ ಎಂದು ಸೃಷ್ಟಿ ಕೇಳಿದಳು. "ಅದನ್ನ ಕೇಳಬ್ಯಾಡ," ಎಂದರು ಡಾಕ್ಟರು.

ಗೌಸಮೊದ್ದೀನ ಈ ಸಲ ತಾವೇ ಎರಡು ಸಲ ಪರೀಕ್ಷಿಸಿದ ಚೀಲಗಳನ್ನು ತಾವೇ ತಂದು ಕೊಟ್ಟರು. ರಕ್ತ ಏರಿತು. ಆಪರೇಶನ್ ಆಯಿತು. ಒಳಗೆ ನಡೆಯುವಷ್ಟು ಹೊತ್ತೂ ಸೃಷ್ಟಿ ಹೊರಗಿನ ಬೆಂಚಿನ ಈ ತುದಿಗೆ ಕೂತಿದ್ದಳು, ಗುರುಶಿದ್ದಪ್ಪ ಆ ತುದಿಗೆ. ಇಬ್ಬರ ನಡುವೆ ಅವನ ಬುತ್ತಿಗಂಟು ಇತ್ತು. ಕೊನೆಗೆ ಕರುಣಾ ಬಾಗಿಲು ತೆರೆದು, ಆರಾಮ ಅದಾರ, ಎಚ್ಚರ ಆಗೇತಿ ಎಂದಳು.

ಗುರುಶಿದ್ದಪ್ಪ ಟವೆಲಿನಿಂದ ಮುಖ ಒರೆಸಿಕೊಂಡ. ಬಹಳ ಹೊತ್ತು ಹಾಗೇ ಒರೆಸಿಕೊಳ್ಳುತ್ತಲೇ ಇದ್ದ. ಆಮೇಲೆ, ಸೃಷ್ಟಿಯ ಕಡೆ ನೋಡದೆ, "ಉಂಡೀಯೇನವಾ?" ಎಂದು ಕೇಳಿದ.

ಇಲ್ಲ ಎಂದಳು ಅವಳು. ಅವನು ಬುತ್ತಿಯ ಗಂಟು ಬಿಚ್ಚಿ, ಒಂದು ರೊಟ್ಟಿಯ ಮೇಲೆ ಪುಂಡಿಪಲ್ಯ ಹಾಕಿ ಅವಳ ಕಡೆ ಸರಿಸಿದ. ಸೃಷ್ಟಿ ರೊಟ್ಟಿ ಮುರಿದಳು. ಒಂದು ತುತ್ತು ಇಳಿಯುವ ಮೊದಲೇ ಇನ್ನೊಂದು ಬಾಯಿಗಿಟ್ಟಳು, ಪಲ್ಯ ಚೂರು ಚೂರು ಕೆಳಗೆ ಬೀಳುತ್ತಿತ್ತು.

"ಸಾವಕಾಶ ಉಣ್ಣು," ಎಂದ ಅವನು.